ಎಲೆಕ್ಟ್ರಾಲಿಸಿಸ್ ವಿಧಾನದ ರೋಮ ನಿವಾರಣೆ: ಕಳಪೆ ಚಿಕಿತ್ಸೆಯನ್ನು ಗುರುತಿಸುವ ಬಗೆ, ಚರ್ಮದ ಮೇಲಿನ ದುಷ್ಪರಿಣಾಮಗಳು ಮತ್ತು ಪರಿಹಾರ ಕ್ರಮಗಳು

ಸಾರ್ವಜನಿಕರ ಮಾಹಿತಿಗಾಗಿ

ಮುಖ, ಗಲ್ಲ, ಮೇಲ್ದುಟಿ ಹಾಗೂ ದೇಹದ ಇತರ ಭಾಗಗಳಲ್ಲಿನ ಅನಗತ್ಯ ಕೂದಲನ್ನು ಶಾಶ್ವತವಾಗಿ ತೆಗೆಸಿಕೊಳ್ಳಲು ಅನೇಕರು ಎಲೆಕ್ಟ್ರಾಲಿಸಿಸ್ ಚಿಕಿತ್ಸೆಯನ್ನು ಆಶ್ರಯಿಸುತ್ತಾರೆ. ಸರಿಯಾಗಿ ಮಾಡಿದಲ್ಲಿ ಇದು ಸುರಕ್ಷಿತವಾದ ವಿಧಾನ. ಸರಿಯಾಗಿ ಮಾಡದಿದ್ದಲ್ಲಿ ಸುಟ್ಟ ಗಾಯ, ಕಪ್ಪು ಕಲೆ, ಕುಳಿ ಮತ್ತು ಗಂಟುಗಟ್ಟಿದ ಗುರುತುಗಳು ಉಳಿಯುತ್ತವೆ. ಇವುಗಳಲ್ಲಿ ಕೆಲವು ಜೀವನಪರ್ಯಂತ ಹೋಗುವುದಿಲ್ಲ.

ಇಂತಹ ಹಾನಿಯು ಸಾಮಾನ್ಯವಾಗಿ ಒಂದೇ ದಿನದಲ್ಲಿ ಆಗುವಂತಹದಲ್ಲ. ಮೊದಲ ಒಂದೆರಡು ಬಾರಿಯ ಚಿಕಿತ್ಸೆಯಲ್ಲಿಯೇ ಚರ್ಮವು ಸೂಚನೆಗಳನ್ನು ನೀಡಿರುತ್ತದೆ. ಅವುಗಳನ್ನು ಗುರುತಿಸದೆ, ಅಥವಾ ಸಂಕೋಚದಿಂದ ಯಾರಿಗೂ ಹೇಳದೆ ಅದೇ ಸ್ಥಳದಲ್ಲಿ ಚಿಕಿತ್ಸೆಯನ್ನು ಮುಂದುವರಿಸಿದಾಗ ಹಾನಿಯು ಶಾಶ್ವತವಾಗುತ್ತದೆ. ಆದ್ದರಿಂದ ಚಿಕಿತ್ಸೆಯ ಸಹಜ ಪರಿಣಾಮ ಯಾವುದು, ಕಳಪೆ ಚಿಕಿತ್ಸೆಯ ಲಕ್ಷಣ ಯಾವುದು, ಯಾವ ಹಂತದಲ್ಲಿ ಚಿಕಿತ್ಸೆಯನ್ನು ನಿಲ್ಲಿಸಬೇಕು ಮತ್ತು ಎಲ್ಲಿಗೆ ಹೋಗಬೇಕು ಎಂಬ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

1. ಎಲೆಕ್ಟ್ರಾಲಿಸಿಸ್ ಎಂದರೇನು?

ಕೂದಲು ಹುಟ್ಟುವ ಬುಡದೊಳಕ್ಕೆ ಅತಿ ಸಣ್ಣ ಸೂಜಿಯನ್ನು ಇಳಿಸಿ, ವಿದ್ಯುತ್ತನ್ನು ಹಾಯಿಸಿ, ಕೂದಲನ್ನು ಮತ್ತೆ ಬೆಳೆಸುವ ಜೀವಕೋಶಗಳನ್ನು ನಾಶಪಡಿಸುವುದೇ ಎಲೆಕ್ಟ್ರಾಲಿಸಿಸ್. ಒಂದೊಂದು ಕೂದಲಿಗೂ ಪ್ರತ್ಯೇಕವಾಗಿ ಸೂಜಿಯನ್ನು ಇಳಿಸಬೇಕಾಗುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ನೇತ್ರ ವೈದ್ಯ ಚಾರ್ಲ್ಸ್ ಮೈಕೆಲ್ ಅವರು ಕಣ್ಣಿನೊಳಕ್ಕೆ ತಿರುಗಿ ಬೆಳೆಯುವ ರೆಪ್ಪೆಗೂದಲನ್ನು ತೆಗೆಯಲು ಈ ವಿಧಾನವನ್ನು ಬಳಸಿ, 1875ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಈಗ ಮೂರು ವಿಧಾನಗಳು ಬಳಕೆಯಲ್ಲಿವೆ.

(ಅ) ಗ್ಯಾಲ್ವಾನಿಕ್ ವಿಧಾನ: ನೇರ ವಿದ್ಯುತ್ತನ್ನು ಬಳಸಲಾಗುತ್ತದೆ. ಚರ್ಮದೊಳಗಿನ ಉಪ್ಪು ಮತ್ತು ನೀರು ವಿದ್ಯುತ್ತಿನಿಂದ ವಿಭಜನೆಗೊಂಡು, ಸೂಜಿಯ ಸುತ್ತ ಅತ್ಯಲ್ಪ ಪ್ರಮಾಣದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವು ಉಂಟಾಗುತ್ತದೆ. ಈ ಕ್ಷಾರವೇ ಕೂದಲ ಬುಡವನ್ನು ನಾಶಪಡಿಸುತ್ತದೆ. ಇದು ನಿಧಾನವಾದ ವಿಧಾನ.

(ಆ) ಥರ್ಮಾಲಿಸಿಸ್ ವಿಧಾನ: ಅಧಿಕ ಆವರ್ತನದ ಪರ್ಯಾಯ ವಿದ್ಯುತ್ತಿನಿಂದ ಕೂದಲ ಬುಡವನ್ನು ಬಿಸಿ ಮಾಡಲಾಗುತ್ತದೆ. ಒಂದು ಕೂದಲಿಗೆ ಕೆಲವೇ ಸೆಕೆಂಡುಗಳು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಸಮಯ ಸಾಕಾಗುತ್ತದೆ.

(ಇ) ಬ್ಲೆಂಡ್ ವಿಧಾನ: ಮೇಲಿನ ಎರಡೂ ಬಗೆಯ ವಿದ್ಯುತ್ತನ್ನು ಒಟ್ಟಿಗೆ ಬಳಸಲಾಗುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಎಲೆಕ್ಟ್ರಾಲಿಸಿಸ್ ಅನ್ನು ಶಾಶ್ವತ ರೋಮ ನಿವಾರಣೆಯ ವಿಧಾನವೆಂದು ಪರಿಗಣಿಸುತ್ತದೆ. ಲೇಸರ್ ಚಿಕಿತ್ಸೆಗೆ ಅದು ನೀಡಿರುವ ಮಾನ್ಯತೆಯು ಕೂದಲನ್ನು ಶಾಶ್ವತವಾಗಿ "ಕಡಿಮೆ ಮಾಡುವ" ವಿಧಾನವೆಂಬುದಕ್ಕೆ ಸೀಮಿತವಾಗಿದೆ. ಲೇಸರ್ ಕಪ್ಪು ಕೂದಲಿನ ಮೇಲೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಎಲೆಕ್ಟ್ರಾಲಿಸಿಸ್ ಬಿಳಿ ಮತ್ತು ತಿಳಿಬಣ್ಣದ ಕೂದಲಿಗೂ ಅನ್ವಯಿಸುತ್ತದೆ.

ಗಮನಿಸಿ: ಸೂಜಿಯಿಲ್ಲದೆ, ವಿದ್ಯುತ್ ಚಿಮಟದಿಂದ ಕೂದಲನ್ನು ಹಿಡಿದು ಅಥವಾ ಚರ್ಮಕ್ಕೆ ಪಟ್ಟಿಯನ್ನು ಅಂಟಿಸಿ "ನೋವಿಲ್ಲದ ಎಲೆಕ್ಟ್ರಾಲಿಸಿಸ್" ಎಂದು ಪ್ರಚಾರ ಮಾಡುವ ಸಾಧನಗಳು ಮಾರುಕಟ್ಟೆಯಲ್ಲಿವೆ. ಕೂದಲು ಉತ್ತಮ ವಿದ್ಯುತ್ ವಾಹಕವಲ್ಲ. ಇಂತಹ ಸಾಧನಗಳಿಂದ ಕೂದಲು ಶಾಶ್ವತವಾಗಿ ಹೋಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ.

2. ಚಿಕಿತ್ಸೆಗೆ ಮುನ್ನ ವೈದ್ಯರ ತಪಾಸಣೆ ಏಕೆ?

ಮಹಿಳೆಯರಲ್ಲಿ ಗಲ್ಲ, ಮೇಲ್ದುಟಿ, ಎದೆ ಅಥವಾ ಹೊಟ್ಟೆಯ ಮೇಲೆ ದಪ್ಪ ಕೂದಲು ಹೊಸದಾಗಿ ಬೆಳೆಯುತ್ತಿದ್ದಲ್ಲಿ ಅದಕ್ಕೆ ಹಾರ್ಮೋನಿನ ವ್ಯತ್ಯಾಸ ಕಾರಣವಾಗಿರಬಹುದು. ಪಿಸಿಓಎಸ್ ಎಂದು ಕರೆಯಲಾಗುವ ಅಂಡಾಶಯದ ತೊಂದರೆ ಇದಕ್ಕೆ ಸಾಮಾನ್ಯ ಕಾರಣ. ಮುಟ್ಟಿನ ಏರುಪೇರು, ತೂಕದ ಹೆಚ್ಚಳ, ಮೊಡವೆ, ತಲೆಗೂದಲು ಉದುರುವಿಕೆ ಇವುಗಳು ಜೊತೆಗಿದ್ದಲ್ಲಿ ಮೊದಲು ಸ್ತ್ರೀರೋಗ ತಜ್ಞರನ್ನು ಅಥವಾ ವೈದ್ಯರನ್ನು ಕಾಣತಕ್ಕದ್ದು. ಮೂಲ ಕಾರಣಕ್ಕೆ ಚಿಕಿತ್ಸೆ ಪಡೆಯದಿದ್ದಲ್ಲಿ, ಎಲೆಕ್ಟ್ರಾಲಿಸಿಸ್‌ನಿಂದ ಹಳೆಯ ಕೂದಲು ಹೋದರೂ ಪಕ್ಕದಲ್ಲಿ ಹೊಸ ಕೂದಲು ಬೆಳೆಯುತ್ತಲೇ ಇರುತ್ತದೆ.

ಕೆಳಕಂಡವರು ವೈದ್ಯರ ಒಪ್ಪಿಗೆಯಿಲ್ಲದೆ ಎಲೆಕ್ಟ್ರಾಲಿಸಿಸ್ ಮಾಡಿಸಿಕೊಳ್ಳಬಾರದು:

- ಹೃದಯಕ್ಕೆ ಪೇಸ್‌ಮೇಕರ್ ಅಥವಾ ಇತರ ವಿದ್ಯುತ್ ಸಾಧನವನ್ನು ಅಳವಡಿಸಿಕೊಂಡವರು
- ಗರ್ಭಿಣಿಯರು
- ಹತೋಟಿಯಲ್ಲಿಲ್ಲದ ಮಧುಮೇಹ ಇರುವವರು, ರಕ್ತ ತೆಳುವಾಗುವ ಔಷಧಿ ಸೇವಿಸುತ್ತಿರುವವರು
- ಹಿಂದೆ ಗಾಯವಾದಾಗ, ಕಿವಿ ಚುಚ್ಚಿಸಿದಾಗ ಅಥವಾ ಲಸಿಕೆ ಹಾಕಿಸಿದಾಗ ಗಂಟುಗಟ್ಟಿದ ಗುರುತು (ಕೀಲಾಯ್ಡ್) ಬೆಳೆದಿರುವವರು
- ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಸೇವಿಸುತ್ತಿರುವವರು
- ಚಿಕಿತ್ಸೆಯ ಜಾಗದಲ್ಲಿ ಕೀವುಗುಳ್ಳೆ, ಬಾಯಿ ಸುತ್ತಲಿನ ಹರ್ಪಿಸ್ ಗುಳ್ಳೆ ಅಥವಾ ನರುಳ್ಳೆ ಇರುವವರು

ಮಚ್ಚೆಯ ಮೇಲಿನ ಕೂದಲನ್ನು, ವೈದ್ಯರು ಮಚ್ಚೆಯನ್ನು ಪರೀಕ್ಷಿಸದ ಹೊರತು ತೆಗೆಸಬಾರದು. ಮೂಗಿನೊಳಗಿನ ಹಾಗೂ ಕಿವಿಯೊಳಗಿನ ಕೂದಲಿಗೆ ಈ ವಿಧಾನವನ್ನು ಬಳಸಬಾರದು.

3. ಸರಿಯಾದ ಚಿಕಿತ್ಸೆ ಹೇಗಿರುತ್ತದೆ?

ಕೂದಲ ಬುಡಕ್ಕೆ ಹೋಗುವ ದಾರಿಯು ಚರ್ಮದಲ್ಲಿ ಮೊದಲೇ ಇರುತ್ತದೆ. ಸೂಜಿಯು ಆ ದಾರಿಯಲ್ಲಿ ಕೂದಲಿನ ಜೊತೆಯಲ್ಲಿಯೇ ಜಾರಿ ಇಳಿಯಬೇಕು. ಚರ್ಮವನ್ನು ಚುಚ್ಚಿ ಒಳಹೋಗಬಾರದು. ಈ ಒಂದು ಅಂಶವನ್ನು ತಿಳಿದಿದ್ದರೆ ಉಳಿದೆಲ್ಲವನ್ನೂ ಗುರುತಿಸುವುದು ಸುಲಭವಾಗುತ್ತದೆ.

- ಸೂಜಿ ಇಳಿಯುವಾಗ ಚುಚ್ಚಿದ ನೋವು ಇರುವುದಿಲ್ಲ. ರಕ್ತ ಬರುವುದಿಲ್ಲ.
- ವಿದ್ಯುತ್ ಹಾಯುವಾಗ ಬಿಸಿ ತಾಗಿದಂತೆ ಅಥವಾ ಕ್ಷಣಕಾಲ ಉರಿದಂತೆ ಅನಿಸುತ್ತದೆ. ಈ ಉರಿಯು ಚರ್ಮದ ಒಳಭಾಗದಲ್ಲಿರುತ್ತದೆ, ಮೇಲ್ಭಾಗದಲ್ಲಿ ಅಲ್ಲ.
- ಅನಂತರ ಚಿಮಟದಿಂದ ಹಿಡಿದಾಗ ಕೂದಲು ತಾನಾಗಿ ಜಾರಿ ಬರುತ್ತದೆ. ಕಿತ್ತ ಅನುಭವ ಆಗುವುದಿಲ್ಲ.
- ಒತ್ತೊತ್ತಾಗಿರುವ ಕೂದಲುಗಳನ್ನು ಒಂದೇ ದಿನ ತೆಗೆಯುವುದಿಲ್ಲ. ಅಲ್ಲೊಂದು ಇಲ್ಲೊಂದರಂತೆ ಅಂತರ ಬಿಟ್ಟು ತೆಗೆಯುತ್ತಾರೆ.
- ಚಿಕಿತ್ಸೆ ನೀಡುವವರು ಉತ್ತಮ ಬೆಳಕು ಹಾಗೂ ಭೂತಗನ್ನಡಿಯನ್ನು ಬಳಸುತ್ತಾರೆ. ಕೈಗವಸು ಧರಿಸಿರುತ್ತಾರೆ.
- ಸೂಜಿಯನ್ನು ಮೊಹರು ಇರುವ ಪೊಟ್ಟಣದಿಂದ ತಮ್ಮ ಎದುರಿನಲ್ಲಿಯೇ ತೆಗೆಯುತ್ತಾರೆ. ಚಿಕಿತ್ಸೆಯ ನಂತರ ಅದನ್ನು ಚುಚ್ಚದಂತಹ ಗಟ್ಟಿ ಡಬ್ಬಿಗೆ ಹಾಕುತ್ತಾರೆ.

ಎಲ್ಲ ಕೂದಲೂ ಏಕಕಾಲದಲ್ಲಿ ಬೆಳವಣಿಗೆಯ ಹಂತದಲ್ಲಿರುವುದಿಲ್ಲ. ಆದ್ದರಿಂದ ಒಂದೇ ಭಾಗಕ್ಕೆ ಹಲವು ಬಾರಿ ಚಿಕಿತ್ಸೆ ಅಗತ್ಯ. ಮುಖದ ಚಿಕಿತ್ಸೆ ಪೂರ್ಣಗೊಳ್ಳಲು ಸಾಮಾನ್ಯವಾಗಿ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ. "ಎರಡು ಸಿಟ್ಟಿಂಗ್‌ನಲ್ಲಿ ಶಾಶ್ವತ ಪರಿಹಾರ" ಎಂಬ ಭರವಸೆಯನ್ನು ನಂಬಬಾರದು.

4. ಚಿಕಿತ್ಸೆ ನಡೆಯುತ್ತಿರುವಾಗಲೇ ಕಾಣುವ ಕಳಪೆ ಲಕ್ಷಣಗಳು

ಕೆಳಕಂಡವುಗಳಲ್ಲಿ ಯಾವುದೇ ಒಂದು ಕಂಡುಬಂದಲ್ಲಿ ಚಿಕಿತ್ಸೆಯನ್ನು ನಿಲ್ಲಿಸುವಂತೆ ತಿಳಿಸಬಹುದು. ಮಧ್ಯದಲ್ಲಿ ನಿಲ್ಲಿಸುವುದರಿಂದ ಯಾವ ಅಪಾಯವೂ ಇಲ್ಲ.

(1) ಪ್ರತಿ ಕೂದಲಿಗೂ ಕಿತ್ತ ನೋವು ಆಗುವುದು. ಇದರ ಅರ್ಥ ಬುಡ ನಾಶವಾಗಿಲ್ಲ, ಕೂದಲನ್ನು ಕೇವಲ ಕೀಳಲಾಗುತ್ತಿದೆ. ಅಂತಹ ಕೂದಲು ಮತ್ತೆ ಬೆಳೆಯುತ್ತದೆ.

(2) ಸೂಜಿ ಇಳಿಸುವಾಗಲೇ ನೋವಾಗುವುದು, ರಕ್ತದ ಹನಿ ಕಾಣುವುದು. ಸೂಜಿಯು ದಾರಿ ತಪ್ಪಿ ಚರ್ಮವನ್ನು ಚುಚ್ಚಿದೆ, ಅಥವಾ ಬುಡವನ್ನೂ ದಾಟಿ ಆಳಕ್ಕೆ ಹೋಗಿದೆ.

(3) ಸೂಜಿಯ ಸುತ್ತ ಚರ್ಮ ಬೆಳ್ಳಗಾಗುವುದು, ಮೇಲ್ಭಾಗ ಸುಡುವುದು, ಸುಟ್ಟ ವಾಸನೆ ಬರುವುದು. ಸೂಜಿ ಸಾಕಷ್ಟು ಆಳಕ್ಕೆ ಇಳಿದಿಲ್ಲ, ಅಥವಾ ವಿದ್ಯುತ್ತಿನ ಪ್ರಮಾಣ ಹೆಚ್ಚಾಗಿದೆ. ಕುಳಿ ಬೀಳುವ ಗಾಯಕ್ಕೆ ಇದೇ ಆರಂಭ.

(4) ಒಂದೇ ಕೂದಲಿಗೆ ಅದೇ ದಿನ ಮತ್ತೆ ಮತ್ತೆ ವಿದ್ಯುತ್ ಹಾಯಿಸುವುದು.

(5) ಗಂಟೆಗಟ್ಟಲೆ ಒಂದೇ ಚಿಕ್ಕ ಭಾಗದಲ್ಲಿ, ವಿಶೇಷವಾಗಿ ಮೇಲ್ದುಟಿಯ ಮೇಲೆ, ಕೆಲಸ ಮಾಡುವುದು.

(6) ಒಬ್ಬರಿಗೆ ಬಳಸಿದ ಸೂಜಿಯನ್ನು ಒರೆಸಿ ಮತ್ತೊಬ್ಬರಿಗೆ ಬಳಸುವುದು. ಸ್ಪಿರಿಟ್‌ನಿಂದ ಒರೆಸುವುದು ಅಥವಾ ನೀಲಿ ಬೆಳಕಿನ ಪೆಟ್ಟಿಗೆಯಲ್ಲಿ ಇಡುವುದು ಸೂಜಿಯನ್ನು ಕ್ರಿಮಿರಹಿತಗೊಳಿಸುವುದಿಲ್ಲ.

(7) "ನೋವು ಹೆಚ್ಚಾದಷ್ಟೂ ಫಲಿತಾಂಶ ಹೆಚ್ಚು" ಎಂದು ಹೇಳಿ ದೂರನ್ನು ತಳ್ಳಿಹಾಕುವುದು. ಈ ಮಾತಿಗೆ ಆಧಾರವಿಲ್ಲ.

ಮರಗಟ್ಟಿಸುವ ಮುಲಾಮನ್ನು ಹಚ್ಚಿದ್ದಲ್ಲಿ ನೋವಿನ ಸೂಚನೆಗಳು ತಿಳಿಯುವುದಿಲ್ಲ. ಇಂತಹ ಮುಲಾಮನ್ನು ಹೆಚ್ಚು ಪ್ರಮಾಣದಲ್ಲಿ, ದೇಹದ ವಿಸ್ತಾರವಾದ ಭಾಗಕ್ಕೆ ಹಚ್ಚುವುದು ಅಪಾಯಕಾರಿ. ವೈದ್ಯರು ಸೂಚಿಸಿದ ಪ್ರಮಾಣವನ್ನು ಮೀರಬಾರದು.

5. ಚಿಕಿತ್ಸೆಯ ನಂತರ: ಸಹಜ ಯಾವುದು, ಅಸಹಜ ಯಾವುದು?

ಮೊದಲ ದಿನ
ಸಹಜ: ಚರ್ಮ ಕೆಂಪಾಗುವುದು, ಸ್ವಲ್ಪ ಊದಿಕೊಳ್ಳುವುದು, ಬೆಚ್ಚಗಿರುವುದು.
ಅಸಹಜ: ನೀರ್ಗುಳ್ಳೆ ಏಳುವುದು, ಚರ್ಮ ಸುಲಿಯುವುದು, ರಾತ್ರಿ ನಿದ್ರೆ ಬಾರದಷ್ಟು ಉರಿ ಇರುವುದು.

ಎರಡನೆಯ ಮತ್ತು ಮೂರನೆಯ ದಿನ
ಸಹಜ: ಕೆಂಪು ಇಳಿಯುತ್ತಾ ಬರುವುದು, ಕೆಲವೆಡೆ ಸೂಜಿಮೊನೆಯಷ್ಟು ಸಣ್ಣ ಹಕ್ಕಳೆ ಕಾಣುವುದು.
ಅಸಹಜ: ಕೆಂಪು ಕಡಿಮೆಯಾಗುವ ಬದಲು ಹರಡುವುದು, ಕೀವು ತುಂಬುವುದು, ಮುಟ್ಟಿದರೆ ನೋವಾಗುವುದು, ಜ್ವರ ಬರುವುದು.

ಮೊದಲ ಎರಡು ವಾರಗಳು
ಸಹಜ: ಸಣ್ಣ ಹಕ್ಕಳೆಗಳು ತಾವಾಗಿ ಉದುರುವುದು, ಕೆಳಗಿನ ಚರ್ಮ ಸಮತಟ್ಟಾಗಿರುವುದು.
ಅಸಹಜ: ಹಕ್ಕಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದು, ಉದುರಿದ ಜಾಗದಲ್ಲಿ ತಗ್ಗು ಕಾಣುವುದು.

ನಾಲ್ಕನೆಯ ವಾರದ ನಂತರ
ಸಹಜ: ಹೆಚ್ಚಿನವರಲ್ಲಿ ಚರ್ಮ ಮೊದಲಿನಂತಾಗಿರುವುದು. ಕೆಲವರಲ್ಲಿ ತಿಳಿಯಾದ ಕಂದು ಚುಕ್ಕೆಗಳು ಉಳಿದು, ತಿಂಗಳುಗಳಲ್ಲಿ ಮಾಸುವುದು.
ಅಸಹಜ: ಕಪ್ಪು ಕಲೆ ಗಾಢವಾಗುತ್ತಾ ಹೋಗುವುದು, ಕುಳಿಗಳು ಉಳಿಯುವುದು, ಗುರುತು ಗಟ್ಟಿಯಾಗಿ ಉಬ್ಬಿ ತುರಿಸುವುದು.

ಈ ಕಾರಣದಿಂದ ಮೊದಲ ಚಿಕಿತ್ಸೆಯನ್ನು ಕಿವಿಯ ಮುಂಭಾಗ ಅಥವಾ ದವಡೆಯ ಕೆಳಭಾಗದಂತಹ, ಸುಲಭವಾಗಿ ಕಾಣದ ಒಂದು ಚಿಕ್ಕ ಜಾಗದಲ್ಲಿ ಮಾತ್ರ ಮಾಡಿಸಿ, ನಾಲ್ಕು ವಾರ ಕಾಯುವುದು ಉತ್ತಮ. ಹಗಲು ಬೆಳಕಿನಲ್ಲಿ, ಕನ್ನಡಿಯಲ್ಲಿ ಪಕ್ಕದಿಂದ ನೋಡಿದಾಗ ಕುಳಿಗಳಿದ್ದರೆ ಸ್ಪಷ್ಟವಾಗಿ ಕಾಣುತ್ತವೆ. ಆ ಜಾಗ ಸರಿಯಾಗಿದ್ದಲ್ಲಿ ಮಾತ್ರ ಮುಂದುವರಿಯಬಹುದು.

6. ಕಳಪೆ ಚಿಕಿತ್ಸೆಯ ದುಷ್ಪರಿಣಾಮಗಳು ಮತ್ತು ಅವುಗಳ ಚಿಕಿತ್ಸೆ

ಕಪ್ಪು ಕಲೆ: ಯಾವುದೇ ಸುಟ್ಟ ಅಥವಾ ಉರಿಯೂತದ ಗಾಯದ ನಂತರ ಚರ್ಮವು ಹೆಚ್ಚು ವರ್ಣದ್ರವ್ಯವನ್ನು ಉತ್ಪಾದಿಸುತ್ತದೆ. ಗೋಧಿ ಹಾಗೂ ಕಪ್ಪು ಮೈಬಣ್ಣದವರಲ್ಲಿ, ಅಂದರೆ ನಮ್ಮಲ್ಲಿನ ಬಹುತೇಕರಲ್ಲಿ, ಇದು ಹೆಚ್ಚು. ಬಿಸಿಲಿನಿಂದ ಕಲೆ ಗಾಢವಾಗುತ್ತದೆ. ಮೇಲ್ಪದರದ ಕಲೆಗಳು ಬಿಸಿಲಿನ ರಕ್ಷಣೆ ಮತ್ತು ವೈದ್ಯರು ನೀಡುವ ಮುಲಾಮಿನಿಂದ ಹಲವು ತಿಂಗಳುಗಳಲ್ಲಿ ಮಾಸುತ್ತವೆ. ಆಳದ ಕಲೆಗಳಿಗೆ ಇನ್ನೂ ಹೆಚ್ಚು ಕಾಲ ಬೇಕು.

ಕುಳಿ ಬಿದ್ದ ಗುರುತು: ಸೂಜಿ ಮೇಲ್ಭಾಗದಲ್ಲಿಯೇ ಇದ್ದು ವಿದ್ಯುತ್ ಹಾಯ್ದಾಗ ಅಥವಾ ಒತ್ತೊತ್ತಾದ ಕೂದಲುಗಳನ್ನು ಒಮ್ಮೆಲೇ ಸುಟ್ಟಾಗ ಉಂಟಾಗುತ್ತದೆ. ಮುಲಾಮಿನಿಂದ ಕುಳಿ ತುಂಬುವುದಿಲ್ಲ. ಗಾಯವು ಪೂರ್ಣವಾಗಿ ಮಾಗಿದ ನಂತರ ಚರ್ಮರೋಗ ತಜ್ಞರು ಸೂಕ್ಷ್ಮ ಸೂಜಿ ಚಿಕಿತ್ಸೆ, ಲೇಸರ್ ಮುಂತಾದವುಗಳಿಂದ ಕುಳಿಯ ಆಳವನ್ನು ಕಡಿಮೆ ಮಾಡಬಹುದು. ಸಂಪೂರ್ಣವಾಗಿ ಅಳಿಸುವುದು ಹಲವರಲ್ಲಿ ಸಾಧ್ಯವಾಗುವುದಿಲ್ಲ.

ಗಂಟುಗಟ್ಟಿದ ಗುರುತು (ಕೀಲಾಯ್ಡ್): ಗಾಯದ ಎಲ್ಲೆಯನ್ನು ಮೀರಿ ಬೆಳೆಯುವ ಗಟ್ಟಿಯಾದ ಉಬ್ಬು. ದವಡೆ, ಎದೆ, ಭುಜ ಮತ್ತು ಕಿವಿಯ ಹಾಲೆಯಲ್ಲಿ ಹೆಚ್ಚು. ಗಾಯವಾದ ಹಲವು ತಿಂಗಳುಗಳ ನಂತರವೂ ಆರಂಭವಾಗಬಹುದು. ಚಿಕ್ಕದಿರುವಾಗಲೇ ಸ್ಟಿರಾಯ್ಡ್ ಚುಚ್ಚುಮದ್ದು ಮತ್ತು ಸಿಲಿಕೋನ್ ಹಾಳೆಯ ಚಿಕಿತ್ಸೆ ಆರಂಭಿಸಿದಲ್ಲಿ ಪ್ರಯೋಜನ ಹೆಚ್ಚು. ಕತ್ತರಿಸಿ ತೆಗೆದರಷ್ಟೇ ಸಾಲದು, ಮತ್ತೆ ಬೆಳೆಯುವ ಸಂಭವ ಹೆಚ್ಚಾಗಿರುತ್ತದೆ.

ಹಚ್ಚೆಯಂತಹ ಕರಿ ಚುಕ್ಕೆ: ಗ್ಯಾಲ್ವಾನಿಕ್ ವಿಧಾನದಲ್ಲಿ ಸೂಜಿಯು ಯಂತ್ರದ ಋಣ ಧ್ರುವಕ್ಕೆ ಸೇರಿರಬೇಕು. ತಪ್ಪಾಗಿ ಧನ ಧ್ರುವಕ್ಕೆ ಸೇರಿಸಿದಲ್ಲಿ ಸೂಜಿಯ ಲೋಹದ ಕಣಗಳು ಚರ್ಮದಲ್ಲಿ ಕುಳಿತು ಹಚ್ಚೆಯಂತೆ ಶಾಶ್ವತವಾಗಿ ಉಳಿಯುತ್ತವೆ. ಇದು ಚಿಕಿತ್ಸೆ ನೀಡುವವರ ತಪ್ಪಿನಿಂದಲೇ ಆಗುವಂತಹದು.

ಸೋಂಕು: ಕೂದಲ ಬುಡದಲ್ಲಿ ಕೀವಾಗುವುದು ಸಾಮಾನ್ಯ. ಮೂಗು ಮತ್ತು ಮೇಲ್ದುಟಿಯ ಸುತ್ತಲಿನ ಕೀವುಗುಳ್ಳೆಯನ್ನು ಎಂದಿಗೂ ಹಿಸುಕಬಾರದು. ಆ ಭಾಗದ ರಕ್ತನಾಳಗಳಿಗೆ ಮಿದುಳಿನ ರಕ್ತನಾಳಗಳೊಡನೆ ಸಂಪರ್ಕವಿದೆ. ಜ್ವರ, ತೀವ್ರ ತಲೆನೋವು ಅಥವಾ ಕಣ್ಣಿನ ಸುತ್ತ ಊತ ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ತೆರಳತಕ್ಕದ್ದು.

ರಕ್ತದ ಮೂಲಕ ಹರಡುವ ರೋಗಗಳು: ಮತ್ತೊಬ್ಬರಿಗೆ ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಹರಡುವ ಸಾಧ್ಯತೆ ಇರುತ್ತದೆ. ಇಂತಹ ಅನುಮಾನವಿದ್ದಲ್ಲಿ ಅದೇ ದಿನ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ಎಚ್‌ಐವಿ ತಡೆಯುವ ಔಷಧಿ ಅಗತ್ಯವೆಂದು ವೈದ್ಯರು ತೀರ್ಮಾನಿಸಿದಲ್ಲಿ ಅದನ್ನು 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ. ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಮತ್ತು ಆಪ್ತ ಸಮಾಲೋಚನೆ ಉಚಿತವಾಗಿದ್ದು, ವಿವರಗಳನ್ನು ಗೋಪ್ಯವಾಗಿಡಲಾಗುತ್ತದೆ. ಉಚಿತ ಸಹಾಯವಾಣಿ: 1097.

7. ಕಳಪೆ ಚಿಕಿತ್ಸೆ ಎನ್ನಲಾಗದ ಸಂಗತಿಗಳು

ಕೆಳಕಂಡವುಗಳನ್ನು ಮಾತ್ರ ಆಧರಿಸಿ ಚಿಕಿತ್ಸೆ ಕಳಪೆಯಾಗಿದೆ ಎಂದು ತೀರ್ಮಾನಿಸಲಾಗದು:

- ಕೆಲವು ವಾರಗಳಲ್ಲಿ ಅದೇ ಭಾಗದಲ್ಲಿ ಕೂದಲು ಕಾಣುವುದು. ಚಿಕಿತ್ಸೆಯ ವೇಳೆ ಚರ್ಮದೊಳಗೆ ಸುಪ್ತವಾಗಿದ್ದ ಕೂದಲು ಈಗ ಹೊರಬಂದಿರಬಹುದು.
- ಹಾರ್ಮೋನಿನ ತೊಂದರೆ ಇರುವವರಲ್ಲಿ ಹೊಸ ಕೂದಲು ಬೆಳೆಯುವುದು.
- ಹಲವು ವರ್ಷ ಥ್ರೆಡಿಂಗ್ ಅಥವಾ ವ್ಯಾಕ್ಸಿಂಗ್ ಮಾಡಿಸಿದವರಲ್ಲಿ ಚಿಕಿತ್ಸೆ ನಿಧಾನವಾಗುವುದು. ಪದೇ ಪದೇ ಕಿತ್ತ ಕೂದಲಿನ ಬುಡ ಸೊಟ್ಟಗಾಗಿರುತ್ತದೆ. ಸೂಜಿ ನೇರವಾಗಿ ಇಳಿಯುವುದಿಲ್ಲ.

ಆದರೆ ಸುಮಾರು ಒಂದು ವರ್ಷ ಕ್ರಮಬದ್ಧವಾಗಿ ಚಿಕಿತ್ಸೆ ಪಡೆದರೂ ಕೂದಲಿನ ಸಂಖ್ಯೆಯಾಗಲಿ ದಪ್ಪವಾಗಲಿ ಕಡಿಮೆಯಾಗದಿದ್ದಲ್ಲಿ, ಚಿಕಿತ್ಸೆಯ ಗುಣಮಟ್ಟವನ್ನೂ ಹಾರ್ಮೋನಿನ ಸ್ಥಿತಿಯನ್ನೂ ಮರುಪರಿಶೀಲಿಸುವುದು ಅಗತ್ಯ.

8. ಹಾನಿ ಕಂಡುಬಂದ ಕೂಡಲೇ ಮಾಡಬೇಕಾದುದು

(1) ಆ ಭಾಗದ ಚಿಕಿತ್ಸೆಯನ್ನು ನಿಲ್ಲಿಸುವುದು. "ಮುಂದಿನ ಬಾರಿ ಸರಿಯಾಗುತ್ತದೆ" ಎಂಬ ಭರವಸೆಯ ಮೇಲೆ ಮುಂದುವರಿಸಬಾರದು. ಮುಂಗಡವಾಗಿ ಹಣ ಪಾವತಿಸಿದ್ದರೂ ಚಿಕಿತ್ಸೆಯನ್ನು ನಿರಾಕರಿಸುವ ಹಕ್ಕು ತಮಗಿದೆ.

(2) ತಂಪಾದ ಶುದ್ಧ ನೀರಿನಲ್ಲಿ ಅದ್ದಿದ ಸ್ವಚ್ಛ ಬಟ್ಟೆಯನ್ನು ಇಡುವುದು. ಹಕ್ಕಳೆಯನ್ನು ಕೀಳಬಾರದು. ಗಾಯ ಒಣಗುವವರೆಗೆ ಪ್ರಸಾಧನ ಸಾಮಗ್ರಿಗಳನ್ನು ಬಳಸಬಾರದು.

(3) ನಿಂಬೆರಸ, ಸುಣ್ಣ, ಟೂತ್‌ಪೇಸ್ಟ್, ಅಡುಗೆಮನೆಯ ಅರಿಶಿನ ಇವುಗಳನ್ನು ಗಾಯಕ್ಕೆ ಹಚ್ಚಬಾರದು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದಲ್ಲಿ ಕಲೆ ಮತ್ತಷ್ಟು ಗಾಢವಾಗುತ್ತದೆ.

(4) ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಬಣ್ಣ ತಿಳಿಗೊಳಿಸುವ ಕ್ರೀಮ್‌ಗಳನ್ನು ಬಳಸಬಾರದು. ಇವುಗಳಲ್ಲಿ ಹಲವು ಬೀಟಾಮೆಥಾಸೋನ್, ಕ್ಲೊಬೆಟಸಾಲ್ ಮುಂತಾದ ಸ್ಟಿರಾಯ್ಡ್‌ಗಳನ್ನು ಒಳಗೊಂಡಿರುತ್ತವೆ. ಮುಖಕ್ಕೆ ದೀರ್ಘಕಾಲ ಹಚ್ಚಿದಲ್ಲಿ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ ಮತ್ತು ಯಾವ ಕೂದಲನ್ನು ತೆಗೆಸಲು ಹೊರಟಿದ್ದರೋ ಆ ಕೂದಲೇ ಹೆಚ್ಚಾಗುತ್ತದೆ.

(5) ಬಿಸಿಲಿಗೆ ಹೋಗುವಾಗ ಸೆರಗು, ದುಪ್ಪಟ್ಟಾ ಅಥವಾ ಕೊಡೆಯ ಮರೆ ಮಾಡಿಕೊಳ್ಳುವುದು. ಗಾಯ ಒಣಗಿದ ನಂತರ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಬಳಸುವುದು.

(6) ಹಾನಿಯಾದ ಭಾಗದ ಛಾಯಾಚಿತ್ರವನ್ನು ಹಗಲು ಬೆಳಕಿನಲ್ಲಿ, ದಿನಾಂಕದೊಂದಿಗೆ, ಮೊದಲ ದಿನದಿಂದಲೇ ತೆಗೆದಿಡುವುದು. ಕೆಂಪು ಮತ್ತು ಗುಳ್ಳೆ ಕೆಲವೇ ದಿನಗಳಲ್ಲಿ ಮಾಯವಾಗುವುದರಿಂದ ಅನಂತರ ಸಾಕ್ಷ್ಯ ಉಳಿಯುವುದಿಲ್ಲ.

(7) ಚರ್ಮರೋಗ ತಜ್ಞರನ್ನು ಕಾಣುವುದು. ನೀರ್ಗುಳ್ಳೆ ಅಥವಾ ಕೀವು ಇದ್ದಲ್ಲಿ ಅದೇ ದಿನ ಅಥವಾ ಮಾರನೆಯ ದಿನ, ಇತರ ಸಂದರ್ಭಗಳಲ್ಲಿ ಎರಡು ವಾರಗಳೊಳಗೆ ಕಾಣುವುದು ಸೂಕ್ತ.

9. ಚಿಕಿತ್ಸಾ ಕೇಂದ್ರವನ್ನು ಆರಿಸಿಕೊಳ್ಳುವಾಗ ವಿಚಾರಿಸಬೇಕಾದ ಅಂಶಗಳು

ಅಮೆರಿಕದ ಹಲವು ರಾಜ್ಯಗಳಲ್ಲಿ ಎಲೆಕ್ಟ್ರಾಲಿಸಿಸ್ ಮಾಡುವವರು ಪರವಾನಗಿ ಹೊಂದಿರಬೇಕಾಗುತ್ತದೆ. ನಮ್ಮಲ್ಲಿ ಬ್ಯೂಟಿ ಪಾರ್ಲರ್‌ಗೆ ಸ್ಥಳೀಯ ಸಂಸ್ಥೆಯು ನೀಡುವ ಪರವಾನಗಿಯು ಉದ್ದಿಮೆ ನಡೆಸಲು ನೀಡಿದ ಅನುಮತಿ ಮಾತ್ರ. ಚಿಕಿತ್ಸೆ ನೀಡುವವರ ಪರಿಣತಿಗೆ ಅದು ಪ್ರಮಾಣಪತ್ರವಲ್ಲ. ಆದ್ದರಿಂದ ಕೆಳಕಂಡ ಅಂಶಗಳನ್ನು ಮೊದಲೇ ವಿಚಾರಿಸಿ ತಿಳಿದುಕೊಳ್ಳತಕ್ಕದ್ದು:

- ಚಿಕಿತ್ಸೆ ನೀಡುವವರು ಯಾರು? ಅವರ ತರಬೇತಿ ಎಲ್ಲಿ, ಎಷ್ಟು ಕಾಲದ್ದು?
- ಮೇಲ್ವಿಚಾರಣೆಗೆ ಚರ್ಮರೋಗ ತಜ್ಞರು ಇದ್ದಾರೆಯೇ? ಅವರ ವೈದ್ಯಕೀಯ ಪರಿಷತ್ ನೋಂದಣಿ ಸಂಖ್ಯೆ ಏನು?
- ಕ್ಲಿನಿಕ್ ಆಗಿದ್ದಲ್ಲಿ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ನೋಂದಣಿಯಾಗಿದೆಯೇ?
- ಮೂರು ವಿಧಾನಗಳಲ್ಲಿ ಯಾವುದನ್ನು ಬಳಸುತ್ತಾರೆ? ಪ್ರತಿ ವ್ಯಕ್ತಿಗೂ ಹೊಸ ಸೂಜಿಯೇ? ಚಿಮಟಗಳನ್ನು ಆಟೋಕ್ಲೇವ್‌ನಲ್ಲಿ ಕ್ರಿಮಿರಹಿತಗೊಳಿಸುತ್ತಾರೆಯೇ?
- ಮೊದಲು ಚಿಕ್ಕ ಜಾಗದಲ್ಲಿ ಪರೀಕ್ಷಾರ್ಥ ಚಿಕಿತ್ಸೆ ಮಾಡುತ್ತಾರೆಯೇ?
- ಪ್ರತಿ ಭೇಟಿಗೆ ರಸೀದಿ ನೀಡುತ್ತಾರೆಯೇ?

ಪೂರ್ಣ ಪ್ಯಾಕೇಜ್‌ನ ಹಣವನ್ನು ಮುಂಗಡವಾಗಿ ಪಾವತಿಸದೆ, ಪ್ರತಿ ಭೇಟಿಗೆ ಪಾವತಿಸುವುದು ಸುರಕ್ಷಿತ. ಮುಂಗಡ ಕೊಟ್ಟ ಹಣದ ಕಾರಣಕ್ಕೆ ಚಿಕಿತ್ಸೆ ಮುಂದುವರಿಸುವಂತೆ ಆಗಬಾರದು.

10. ಚಿಕಿತ್ಸೆ ಮತ್ತು ದೂರಿಗೆ ಸಂಬಂಧಿಸಿದ ಸೇವೆಗಳು

ಚಿಕಿತ್ಸೆ: ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ಹೊರರೋಗಿ ಚೀಟಿ ಪಡೆದು ತೋರಿಸಿಕೊಳ್ಳಬಹುದು. ಹಿಂದಿನ ಚಿಕಿತ್ಸೆಯ ರಸೀದಿ, ಔಷಧಿ ಚೀಟಿ ಹಾಗೂ ಛಾಯಾಚಿತ್ರಗಳನ್ನು ತರುವುದು. ಹತ್ತಿರದ ಆಸ್ಪತ್ರೆಯ ಮಾಹಿತಿಗೆ ಆರೋಗ್ಯ ಸಹಾಯವಾಣಿ 104ನ್ನು ಸಂಪರ್ಕಿಸಬಹುದು. ಲಿಂಗತ್ವ ಅಲ್ಪಸಂಖ್ಯಾತರಿಗೆ ಆರೋಗ್ಯ ಸೇವೆಯಲ್ಲಿ ತಾರತಮ್ಯ ಮಾಡುವುದನ್ನು 2019ರ ಉಭಯಲಿಂಗಿ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಅಧಿನಿಯಮವು ನಿಷೇಧಿಸುತ್ತದೆ.

ಚಿಕಿತ್ಸಾ ದಾಖಲೆ: ವೈದ್ಯರ ವೃತ್ತಿ ನಡವಳಿಕೆಗೆ ಸಂಬಂಧಿಸಿದ 2002ರ ವಿನಿಯಮಗಳ ಪ್ರಕಾರ, ರೋಗಿಯು ಕೋರಿದಲ್ಲಿ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗೆ ನೀಡಬೇಕು. ಕೋರಿಕೆಯನ್ನು ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿ ಪಡೆಯುವುದು.

ದೂರು ಸಲ್ಲಿಸಬಹುದಾದ ಪ್ರಾಧಿಕಾರಗಳು:

(ಅ) ಖಾಸಗಿ ಕ್ಲಿನಿಕ್ ಅಥವಾ ಆಸ್ಪತ್ರೆಯ ವಿರುದ್ಧ: ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ. ಜಿಲ್ಲಾಧಿಕಾರಿಗಳು ಇದರ ಅಧ್ಯಕ್ಷರು. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಬಹುದು.

(ಆ) ನೋಂದಾಯಿತ ವೈದ್ಯರ ನಿರ್ಲಕ್ಷ್ಯದ ವಿರುದ್ಧ: ಕರ್ನಾಟಕ ವೈದ್ಯಕೀಯ ಪರಿಷತ್ತು.

(ಇ) ಹಣ ಪಾವತಿಸಿ ಪಡೆದ ಸೇವೆಯ ನ್ಯೂನತೆಗೆ ಪರಿಹಾರ ಕೋರಲು: ಜಿಲ್ಲಾ ಗ್ರಾಹಕರ ಆಯೋಗ. ಪಾರ್ಲರ್ ಮತ್ತು ಕ್ಲಿನಿಕ್ ಎರಡಕ್ಕೂ ಅನ್ವಯಿಸುತ್ತದೆ. ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪು ನೀಡಿದೆ.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ, ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರನ್ನು ಸಲ್ಲಿಸಬೇಕು. ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು. ಸೇವೆಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ಇ-ಜಾಗೃತಿ ಅಂತರ್ಜಾಲ ತಾಣದ ಮೂಲಕವೂ ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915.

ದೂರಿನೊಂದಿಗೆ ಲಗತ್ತಿಸಬೇಕಾದ ದಾಖಲೆಗಳು:

- ಪಾವತಿ ರಸೀದಿ ಅಥವಾ ಬ್ಯಾಂಕ್ / ಯುಪಿಐ ಪಾವತಿಯ ವಿವರ
- ಚಿಕಿತ್ಸೆಯ ದಿನಾಂಕಗಳ ಪಟ್ಟಿ, ಅಪಾಯಿಂಟ್‌ಮೆಂಟ್ ಚೀಟಿ ಅಥವಾ ಸಂದೇಶಗಳು
- ಜಾಹೀರಾತು ಅಥವಾ ಕರಪತ್ರದ ಪ್ರತಿ
- ದಿನಾಂಕವಿರುವ ಛಾಯಾಚಿತ್ರಗಳು
- ಚರ್ಮರೋಗ ತಜ್ಞರ ಲಿಖಿತ ಅಭಿಪ್ರಾಯ ಮತ್ತು ಅನಂತರದ ಚಿಕಿತ್ಸಾ ವೆಚ್ಚದ ಬಿಲ್ಲುಗಳು

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚಿಕಿತ್ಸೆಯ ಅವಧಿಯಲ್ಲಿ ಥ್ರೆಡಿಂಗ್ ಮಾಡಿಸಬಹುದೇ?
ಉತ್ತರ: ಮಾಡಿಸಬಾರದು. ಕೂದಲು ಇಲ್ಲದಿದ್ದರೆ ಸೂಜಿಗೆ ದಾರಿ ಸಿಗುವುದಿಲ್ಲ. ಅಗತ್ಯವಿದ್ದಲ್ಲಿ ಕತ್ತರಿಯಿಂದ ಕತ್ತರಿಸಬಹುದು ಅಥವಾ ಕ್ಷೌರ ಮಾಡಬಹುದು. ಕ್ಷೌರದಿಂದ ಕೂದಲು ದಪ್ಪವಾಗುತ್ತದೆ ಎಂಬುದು ತಪ್ಪು ಕಲ್ಪನೆ.

ಪ್ರಶ್ನೆ: ಮದುವೆ ನಿಶ್ಚಯವಾಗಿದೆ. ಒಂದು ತಿಂಗಳಲ್ಲಿ ಮುಗಿಸಬಹುದೇ?
ಉತ್ತರ: ಸಾಧ್ಯವಿಲ್ಲ. ಅವಸರಕ್ಕಾಗಿ ಒತ್ತೊತ್ತಾಗಿ ಚಿಕಿತ್ಸೆ ಮಾಡಿಸಿದಲ್ಲಿ ಸುಟ್ಟ ಗಾಯ ಮತ್ತು ಕಲೆಗೆ ಅವಕಾಶ ಹೆಚ್ಚು. ತಾತ್ಕಾಲಿಕ ವಿಧಾನವನ್ನು ಬಳಸಿ, ಸಮಾರಂಭದ ನಂತರ ಚಿಕಿತ್ಸೆ ಆರಂಭಿಸುವುದು ಒಳ್ಳೆಯದು.

ಪ್ರಶ್ನೆ: ಹಾನಿಯಾದ ನಂತರ ಬೇರೆ ಕಡೆ ಚಿಕಿತ್ಸೆ ಮುಂದುವರಿಸಬಹುದೇ?
ಉತ್ತರ: ಗಾಯ ಪೂರ್ಣವಾಗಿ ಮಾಗಿದ ನಂತರ, ಚರ್ಮರೋಗ ತಜ್ಞರ ಒಪ್ಪಿಗೆಯ ಮೇರೆಗೆ ಮುಂದುವರಿಸಬಹುದು. ಹಿಂದೆ ಆದ ಹಾನಿಯನ್ನು ಹೊಸ ಚಿಕಿತ್ಸಕರಿಗೆ ತಪ್ಪದೆ ತಿಳಿಸತಕ್ಕದ್ದು. ಕೀಲಾಯ್ಡ್ ಬೆಳೆದಿದ್ದಲ್ಲಿ ಮುಂದುವರಿಸದಿರುವುದೇ ಸೂಕ್ತ.

ಪ್ರಶ್ನೆ: ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದೇನೆ. ದೂರು ನೀಡಬಹುದೇ?
ಉತ್ತರ: ನೀಡಬಹುದು. ಚಿಕಿತ್ಸೆಗೆ ನೀಡಿದ ಒಪ್ಪಿಗೆಯು ನಿರ್ಲಕ್ಷ್ಯಕ್ಕೆ ನೀಡಿದ ಒಪ್ಪಿಗೆಯಲ್ಲ.

ಪ್ರಶ್ನೆ: ಈ ವಿಷಯವನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಏನು ಮಾಡಬೇಕು?
ಉತ್ತರ: ಮುಖದ ಮೇಲೆ ಕೂದಲು ಬೆಳೆಯುವುದು ದೇಹಸ್ಥಿತಿಗೆ ಸಂಬಂಧಿಸಿದ ವಿಚಾರ, ಅದರಲ್ಲಿ ನಾಚಿಕೆಪಡುವಂತಹದು ಏನೂ ಇಲ್ಲ. ಮಹಿಳಾ ವೈದ್ಯರನ್ನು ಕಾಣಲು ಇಚ್ಛಿಸಿದಲ್ಲಿ ಹೊರರೋಗಿ ವಿಭಾಗದಲ್ಲಿ ಕೋರಬಹುದು. ರೋಗಿಯ ವಿವರಗಳನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ. ಸಂಕೋಚದಿಂದ ಕಳೆದುಹೋಗುವ ವಾರಗಳಲ್ಲಿಯೇ, ವಾಸಿಯಾಗಬಹುದಾಗಿದ್ದ ಗಾಯವು ಶಾಶ್ವತ ಗುರುತಾಗುತ್ತದೆ ಎಂಬುದನ್ನು ಗಮನದಲ್ಲಿಡುವುದು.

ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಇದು ವೈದ್ಯರ ತಪಾಸಣೆಗೆ ಅಥವಾ ಕಾನೂನು ಸಲಹೆಗೆ ಪರ್ಯಾಯವಲ್ಲ. ತುರ್ತು ಸಂದರ್ಭದಲ್ಲಿ ಹತ್ತಿರದ ಆಸ್ಪತ್ರೆಗೆ ತೆರಳಲು ಅಥವಾ 108ಕ್ಕೆ ಕರೆ ಮಾಡಲು ಕೋರಲಾಗಿದೆ.